ಎರಡೂ ಟೀವಿಯಲ್ಲಿ ಇಲ್ಲದ ಮಾಸೂಮಾ

ನಿವೃತ್ತರಾದ ವರ್ಷವೇ ಗೋಣೆಪ್ಪ ಮಾಸ್ತರರು ಟೀವಿ ತಂದರು. ಸವಣೂರಿನ ಆ ಓಣಿಗೆ ಅದೇ ಮೊದಲನೆಯದು. ೧೯೮೬ರ ಬೇಸಿಗೆಯಲ್ಲಿ ಹೊತ್ತು ಮುಳುಗಿದರೆ ಸಾಕು, ಗಂಡಸರೆಲ್ಲ ಅವರ ಪಡಸಾಲೆಯಲ್ಲಿ. ದಿಲ್ಲಿಯ ವಾರ್ತೆಯನ್ನು ಮಾಸ್ತರರು ಕನ್ನಡ ಮಾಡಿ ಹೇಳುತ್ತಿದ್ದರು, ತಮ್ಮದೂ ಒಂದಿಷ್ಟು ಸೇರಿಸುತ್ತಿದ್ದರು. ಮೂವತ್ತು ವರ್ಷ ಪಾಠ ಹೇಳಿದ ಬಾಯಿ, ಸುಮ್ಮನಿರು ಎಂದರೆ ಇದ್ದೀತೆ?

ಪಕ್ಕದ ಮನೆಯ ಗೌಸಸಾಬರದು ವೀಳ್ಯದೆಲೆಯ ವ್ಯಾಪಾರ. ಎಲೆಯನ್ನು ಬುಟ್ಟಿ ಕಟ್ಟಿ ಮುಂಬೈ ಆಚೆಯ ಒಂದು ಗಿರಣಿ ಪಟ್ಟಣಕ್ಕೆ ಕಳಿಸುತ್ತಿದ್ದರು. ಅಲ್ಲಿ ಆ ಎಲೆ ಮಾರುವ ಮನೆತನಕ್ಕೇ ಮಗಳು ಮಾಸೂಮಾಳನ್ನು ಕೊಟ್ಟಿದ್ದರು. ಆಕೆ ಆಗ ಏಳು ತಿಂಗಳ ಬಸುರಿ. ಹೆರಿಗೆಗೆ ಕರೆತರಬೇಕೆನ್ನುವಷ್ಟರಲ್ಲಿ ಆ ಊರಿನಲ್ಲಿ ಚುನಾವಣೆಯ ಜಗಳ ಗಲಭೆಗೆ ತಿರುಗಿತು.

ಟೀವಿಯಲ್ಲಿ ಮಂತ್ರಿಗಳು ಆ ಊರಿನ ರಸ್ತೆಯಲ್ಲಿ ಕಾರಿನಿಂದಿಳಿದು ಕೈಮುಗಿದರು. ಪರಿಸ್ಥಿತಿ ಹತೋಟಿಯಲ್ಲಿದೆ ಎಂದು ವಾರ್ತೆಯಾಕೆ ಓದಿದಳು. ಗಲಭೆಯ ಮೂರನೆಯ ದಿನ ಗೌಸಸಾಬರು ಕೈಚೀಲ ಹಿಡಿದುಕೊಂಡೇ ಬಂದರು. ಅವರು ಕಳಿಸಿದ ಬುಟ್ಟಿಗಳು ಬಿಚ್ಚದೆ ತಿರುಗಿ ಬಂದಿದ್ದವು.

"ಮಾಸ್ತರ, ಸಾವಾದ ಮನಿಯಾಗೂ ಮೂರು ದಿನಕ್ಕ ಎಲಿ ಹಾಕ್ಕೊಂತಾರ್ರಿ. ಇಡೀ ಊರ ಎಲಿ ಬಿಟ್ಟೈತಿ ಅಂದ್ರ ಅಲ್ಲಿ ಏನೋ ಭಾಳ ಕೆಟ್ಟೈತಿ. ನಾ ಹೋಗಿ ಮಗಳನ್ನ ಕರ್ಕೊಂಡ ಬರ್ತೇನ್ರಿ."

ಮಾಸ್ತರರು ನಕ್ಕರು. ಸರಕಾರಕ್ಕಿಂತ ನಿಮ್ಮ ಬುಟ್ಟಿಗೇ ಹೆಚ್ಚು ತಿಳಿಯುತ್ತದೇನು ಎಂದು ಚೇಷ್ಟೆ ಮಾಡಿದರು. ಬಸುರಿಯನ್ನು ಈ ಬಿಸಿಲಲ್ಲಿ ಅಲೆದಾಡಿಸಬೇಡಿ, ವಾರ ಬಿಟ್ಟು ಹೋಗಿ ಎಂದು ಬುದ್ಧಿ ಹೇಳಿದರು. ಓದಿದವರ ಮಾತು. ಗೌಸಸಾಬರು ಕೈಚೀಲವನ್ನು ಮನೆಯೊಳಗಿಟ್ಟರು. ವಾರ ಕಳೆದ ಮೇಲೂ ಟೀವಿ ಅದನ್ನೇ ಓದಿತು, ಮಾಸ್ತರರೂ ಅದನ್ನೇ ಹೇಳಿದರು. ಮಗಳಿಂದ ಕಾಗದ ಬರಲಿಲ್ಲ.

ಹದಿನೈದನೆಯ ದಿನ ಗೌಸಸಾಬರ ತಮ್ಮನ ಮಗ ಹಯಾತ ದುಬೈಯಿಂದ ರಜೆಗೆ ಬಂದ. ಅಲ್ಲಿನ ಟೀವಿಯಲ್ಲಿ ಪರದೇಶದವರು ತೋರಿಸಿದ ವಾರ್ತೆಯನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ತಂದಿದ್ದ. ಅವನೇ ತಂದ ವಿಸಿಆರನ್ನು ಮಾಸ್ತರರ ಟೀವಿಗೇ ಜೋಡಿಸಿದರು. ಅದೇ ಊರು. ಮಂತ್ರಿಗಳು ಕೈಮುಗಿದ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಸಾಲು ಮನೆಗಳು ಸುಟ್ಟು ನಿಂತಿದ್ದವು.

ಪಡಸಾಲೆ ಎರಡಾಯಿತು. ಪರದೇಶದವರಿಗೆ ನಮ್ಮ ಮುಖಕ್ಕೆ ಮಸಿ ಬಳಿಯುವುದೇ ಕೆಲಸ ಎಂದು ಓಣಿಯ ಗುದ್ಲೆಪ್ಪ, ದಿಲ್ಲಿಯವರಿಗೆ ಮುಚ್ಚಿಡುವುದೇ ಕೆಲಸ ಎಂದು ಬಂದೇಸಾಬ. ಮಾಸ್ತರರಿಗೋ ಹುರುಪು. ಅವರೇನು ತೋರಿಸಿದರು, ಇವರೇನು ಬಿಟ್ಟರು ಎಂದು ಬೆರಳು ಮಡಚುತ್ತ ಹೋಲಿಸತೊಡಗಿದರು. ಒಬ್ಬ ತಂದೆ ಅಲ್ಲಿ ಕೂತಿದ್ದಾನೆಂಬುದು ಯಾರಿಗೂ ನೆನಪಾಗಲಿಲ್ಲ, ಛೆ!

ಗೌಸಸಾಬರು ಹಯಾತನಿಗೆ ಹಿಂದಕ್ಕೆ ತಿರುಗಿಸಲು ಹೇಳಿದರು. ಇನ್ನೊಮ್ಮೆ ಹೇಳಿದರು. ಮತ್ತೊಮ್ಮೆ.

"ಆ ನೀಲಿ ಬಾಗಲಾ ನಮ್ಮ ಮಾಸೂಮಾನ ಮನಿದು," ಎಂದರು. "ಅರ್ಧಾ ಸುಟ್ಟೈತಿ. ಆಕಿ ಎರಡೂ ಟೀವಿಯಾಗ ಇಲ್ಲರಿ, ಮಾಸ್ತರ."

ಮಾಸ್ತರರು ಎದ್ದು ಟೀವಿ ಆರಿಸಿದರು. ಅಂದೇ ಅವರೂ ಗೌಸಸಾಬರೂ ರೈಲು ಹಿಡಿಯಲು ಹುಬ್ಬಳ್ಳಿಯ ಬಸ್ಸಿಗೆ ಹೊರಟರು.

ಆರನೆಯ ದಿನ ತಿರುಗಿ ಬಂದರು, ಇಬ್ಬರೇ. ಮನೆಗೆ ಬೆಂಕಿ ಬಿದ್ದಾಗ ಮಾಸೂಮಾ ಗಂಡನೊಡನೆ ನೆಂಟರ ಮನೆಗೆ ಓಡಿ ಬದುಕಿಕೊಂಡಿದ್ದಳು. ಗಲಭೆಯ ಹತ್ತನೆಯ ದಿನ, ತಿಂಗಳು ತುಂಬುವ ಮೊದಲೇ, ಬೇನೆ ಬಂತು. ಕರ್ಫ್ಯೂವಿನಲ್ಲಿ ಗಾಡಿ ಸಿಗಲಿಲ್ಲ. ತಾಯಿ, ಕೂಸು ಇಬ್ಬರೂ ಉಳಿಯಲಿಲ್ಲ. ಗಂಡ ತಂತಿ ಕೊಡಲು ಹೋದರೆ ಅಂಚೆ ಕಚೇರಿಗೇ ಬೀಗ.

ಸಂಜೆ ಓಣಿಯವರು ಗೌಸಸಾಬರನ್ನು ಮಾತಾಡಿಸಲು ಬಂದರು. ಅವರ ಮನೆ ಚಿಕ್ಕದು, ಎಲ್ಲರೂ ಮಾಸ್ತರರ ಪಡಸಾಲೆಯಲ್ಲೇ ಕೂತರು. ಗುದ್ಲೆಪ್ಪನಿಗೆ ತಡೆಯಲಾಗಲಿಲ್ಲ. ಕಣ್ಣಾರೆ ಕಂಡು ಬಂದಿರಲ್ಲ, ಯಾವ ಟೀವಿ ಖರೆ ಹೇಳಿತ್ತು ಎಂದು ಮಾಸ್ತರರನ್ನು ಕೇಳಿಯೇಬಿಟ್ಟ.

ಮಾಸ್ತರರು ಎದ್ದು ನಿಂತರು.

"ಮಾಸೂಮಾ ಹೋಗಿದ್ದು ಹತ್ತನೇ ದಿನ. ಇವ್ರು ಹೊಂಟು ನಿಂತಿದ್ದು ಮೂರನೇ ದಿನ. ನಡುವ ಇವ್ರನ್ನ ತಡದು ಕುಂಡ್ರಿಸಿದಾಂವ ನಾನು. ದಿಲ್ಲಿಯವ್ರಲ್ಲ, ಪರದೇಶದವ್ರಲ್ಲ. ನಾನು."

ಗೌಸಸಾಬರು ಎದ್ದು ತಮ್ಮ ಮನೆಗೆ ನಡೆದರು. ಮಾಸ್ತರರು ಬರಿಗಾಲಲ್ಲೇ ಹಿಂದೆ ಹೋಗಿ ಅವರ ಕಟ್ಟೆಯ ಮೇಲೆ ಕೂತರು. ಒಳಗೆ ಬರ್ರಿ ಎಂದು ಗೌಸಸಾಬರು ಕರೆಯಲಿಲ್ಲ. ಹೋಗ್ರಿ ಎಂದೂ ಅನ್ನಲಿಲ್ಲ.