ಕೆಂಪಾಜಮ್ಮನ ಬೆಳ್ಳಿ ಒಳಲೆ

ನಾನು ಒಂದು ಒಳಲೆ. ಕೂಸಿನ ಬಾಯಿಗೆ ಹನಿಹನಿಯಾಗಿ ಹಾಲು ಬಿಡುವ, ಮೂತಿಯುಳ್ಳ ಪುಟ್ಟ ಬಟ್ಟಲು. ಬೆಳ್ಳಿಯವಳು, ಅದಕ್ಕೇ ಜಂಬ ಕೊಂಚ ಜಾಸ್ತಿ. ಕೆಂಪಾಜಮ್ಮನ ಚೊಚ್ಚಲ ಹೆರಿಗೆಗೆಂದು ಮಂಡ್ಯದ ಅಕ್ಕಸಾಲಿ ಅವಳ ಕಾಲ್ಕಡಗ ಕರಗಿಸಿ ನನ್ನನ್ನು ಮಾಡಿದ. ಈಗಲೂ ತೂಕಡಿಸಿದರೆ, ಗದ್ದೆಯ ಬದುವಿನ ಮೇಲೆ ನಡೆಯುತ್ತಿರುವಂತೆ ಕನಸು ಬೀಳುತ್ತದೆ.

ಆ ಮನೆಯ ಕೂಸುಗಳಿಗೆಲ್ಲ ಮೊದಲ ಮೂರು ದಿನ ನಾನೇ ತಾಯಿ. ಬಾಣಂತಿಯ ಮೊದಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವರು, ನನ್ನಲ್ಲಿ ಸಕ್ಕರೆ ನೀರು ಕುಡಿಸುವರು. ಅದೇ ಸರಿ ಅಂದುಕೊಂಡಿದ್ದೆ. ಅಯ್ಯೋ, ನನ್ನ ದಡ್ಡತನವೇ!

ವರ್ಷಗಳು ಕಳೆದವು. ಕೆಂಪಾಜಮ್ಮನ ಮಗಳು ಶಿವಲೀಲೆಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಗಿ, ಅಂಗೈಯಗಲದ ಹೆಣ್ಣುಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆ ಸೇರಿತು. ಎದೆ ಚೀಪುವ ಶಕ್ತಿಯೂ ಅದಕ್ಕಿರಲಿಲ್ಲ. ಕೆಂಪಾಜಮ್ಮ ನನ್ನನ್ನು ಸೆರಗಿಗೆ ಕಟ್ಟಿಕೊಂಡು ಓಡಿ ಬಂದಳು. ಶಿವಲೀಲೆ ಹಿಂಡಿಟ್ಟಿದ್ದ ಹಾಲು ಕಂಡವಳೇ, "ಹಳದಿ ಹಾಲು ಕಣಮ್ಮಿ, ಚೆಲ್ಬುಡು" ಎಂದು ಕೈ ಹಾಕಿದಳು.

ನರ್ಸ್ ಜಯಶೀಲಾ ಅಡ್ಡ ಬಂದರು. "ಬೇಡಜ್ಜಿ, ಈ ಕೂಸಿಗೆ ಅದೇ ಔಷಧಿ."

"ಐದು ಹೆತ್ತಿವ್ನಿ ಕಣವ್ವ ನಾನು! ಐದಕ್ಕೂ ಚೆಲ್ಲೇ ಇವ್ನಿ!"

"ಎಷ್ಟು ಉಳುದ್ವಜ್ಜಿ?" ಜಯಶೀಲಾ ಮೆಲ್ಲಗೆ ಕೇಳಿದರು.

ಕೆಂಪಾಜಮ್ಮ ಹಾಲಿಗೆ ಹಾಕಿದ್ದ ಕೈ ಹಿಂದೆಗೆದಳು. ಉಳಿದದ್ದು ಎರಡೇ. ಹೋದ ಮೂರು ಕೂಸುಗಳ ತುಟಿಗಳು ನನಗೂ ನೆನಪಿದ್ದವು. ಅವಳು ನನ್ನನ್ನು ಸೆರಗಿನಿಂದ ಬಿಚ್ಚಿ ಜಯಶೀಲಾ ಕೈಗಿಟ್ಟಳು.

ನನ್ನನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ ತೆಗೆದರು. ಆಮೇಲೆ ನನ್ನೊಳಗೆ ಮೊದಲ ಸಲ ಹಳದಿ ಹಾಲು ಬಿತ್ತು. ಎಷ್ಟು ಬೆಚ್ಚಗಿತ್ತು! ಎರಡೆರಡು ಗಂಟೆಗೊಮ್ಮೆ ಹನಿಹನಿಯಾಗಿ ಕುಡಿಸಿದೆವು. ಹೆದರಿಕೆಗೆ ಶಿವಲೀಲೆಯ ಹಾಲು ಬತ್ತತೊಡಗಿದಾಗ, ಜಯಶೀಲಾ ಕೂಸನ್ನು ಅವಳ ಬರಿಯ ಎದೆಗೆ ಅವುಚಿ ಬಟ್ಟೆ ಸುತ್ತಿದರು. ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ತೇಲುತ್ತಿತ್ತು, ಯಂತ್ರಗಳು ಜೋಗುಳದಂತೆ ಗುನುಗುತ್ತಿದ್ದವು. ತಾಯಿ, ಮಗು, ನಾನು ಮೂವರೂ ಮಂಪರಿನಲ್ಲಿದ್ದೆವು. ಹಾಲು ಮತ್ತೆ ಬಂತು.

ಇಪ್ಪತ್ತೊಂದನೆಯ ದಿನ ಕೂಸು ನನ್ನ ಮೂತಿಯಿಂದ ಮುಖ ತಿರುಗಿಸಿ, ತಡಕಾಡಿ, ಎದೆ ಹಿಡಿದು ಲೊಚಲೊಚ ಚೀಪಿತು. ನನ್ನಲ್ಲಿದ್ದ ಹಾಲು ಹಾಗೇ ಉಳಿಯಿತು. ಕೊಂಚ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ, ಆದರೆ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಈಗ ನನ್ನ ಮೂತಿ ನೆಗ್ಗಿದೆ. ಅದೇ ವಾರ್ಡಿನ ಕಪಾಟಿನ ಮೂಲೆಯಲ್ಲಿದ್ದೇನೆ. ಶಿವಲೀಲೆ ಕೂಸಿನೊಂದಿಗೆ ಮನೆಗೆ ಹೊರಟ ದಿನ ಮುದುಕಿಯೊಬ್ಬಳು ಪಕ್ಕದ ಮಂಚದ ಬಾಣಂತಿಯ ಹಳದಿ ಹಾಲು ಚೆಲ್ಲಲು ಎದ್ದಿದ್ದಳು. ಕೆಂಪಾಜಮ್ಮ ಓಡಿಹೋಗಿ ಅವಳ ಕೈ ಹಿಡಿದು, ಆ ಕೈಯಲ್ಲೇ ನನ್ನನ್ನಿಟ್ಟಳು.

"ಚೆಲ್ಬ್ಯಾಡ ಕಣಕ್ಕ," ಅಂದಳು. "ನಾನು ಮೂರು ಚೆಲ್ಕೊಂಡಿವ್ನಿ."