ಸ್ಯಾನ್ ಮಟಿಯೋದ ಬಂಗುಡೆ

“ಆ ಹಸಿರು ಖಾರ ಬೇಡಾಂತ ಹೇಳು,” ಎಂದ ಸರ್ವೋತ್ತಮ. ಈಗೀಗ ಮಾತಾಡಿದರೆ ಅವನಿಗೆ ಬಾಯೆಲ್ಲ ಉರಿಯುತ್ತಿತ್ತು. ಊಟದಂಗಡಿಯ ಕಟ್ಟೆಯ ಆಚೆ ನಿಂತಿದ್ದ ಮುದುಕ ನಕಾನೊ ಅವರಿಗೆ ಸರ್ವೋತ್ತಮನ ಹೆಂಡತಿ ನಿರುಪಮಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವರು ಗಾಜಿನ ಪೆಟ್ಟಿಗೆಯಿಂದ ಮೀನು ತೆಗೆದು ಕೊಯ್ಯತೊಡಗಿದರು.

ಸರ್ವೋತ್ತಮ ನಾಳೆ ಆಸ್ಪತ್ರೆಗೆ ಸೇರಬೇಕಿತ್ತು. ನಾಡಿದ್ದು ಆಪರೇಷನ್ನು. ನಾಲಿಗೆಯ ಅರ್ಧಕ್ಕಿಂತ ಹೆಚ್ಚೇ ತೆಗೆಯಬೇಕಾಗಬಹುದೆಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಮಾತು, ರುಚಿ ಎಷ್ಟು ಉಳಿದೀತು ಎಂದು ನಿರುಪಮಾ ಕೇಳಿದ್ದಕ್ಕೆ, ಮೊದಲು ಜೀವ ಉಳಿಯಲಿ ಎಂದಿದ್ದರು. ಮನೆಗೆ ಹಿಂತಿರುಗುವಾಗ ಫ್ರೀವೇಯುದ್ದಕ್ಕೂ ಸರ್ವೋತ್ತಮ ಆಡಿದ್ದು ಒಂದೇ ಮಾತು: “ಒಮ್ಮೆ ನಕಾನೊ ಹತ್ರ ಹೋಗಿ ಬರುವ.”

ಮಂಗಳೂರಿನ ಅವನಿಗೆ ಮನೆ ಹತ್ತಿರದ ಈ ಸಣ್ಣ ಜಪಾನಿ ಅಂಗಡಿ ಸಿಕ್ಕಿದ್ದು ಸ್ಯಾನ್ ಮಟಿಯೋಗೆ ಬಂದ ಹೊಸತರಲ್ಲಿ. ಗಾಜಿನೊಳಗಿದ್ದ ಮೀನಿನ ಬೆನ್ನ ಮೇಲಿನ ನೀಲಿ ಗೆರೆ ನೋಡಿ, “ಇದು ನಮ್ಮ ಬಂಗುಡೆಯೇ!” ಎಂದು ಕೂಗಿದ್ದನಂತೆ. ಇವರು ಅದನ್ನು ಉಪ್ಪು, ವಿನಿಗರಿನಲ್ಲಿ ನೆನೆಸಿ ಹಸಿಯಾಗಿಯೇ ತಿನ್ನುತ್ತಾರೆಂದು ತಿಳಿದು ಬೆರಗಾಗಿದ್ದ. ಅಂದಿನಿಂದ ಶುಕ್ರವಾರ ಸಂಜೆಯಾದರೆ ಆಫೀಸಿನಿಂದ ನೇರ ಇಲ್ಲಿಗೆ. ಮೈಸೂರಿನ ಮಡಿ ಮನೆಯಲ್ಲಿ ಬೆಳೆದ ನಿರುಪಮಾ ಒಮ್ಮೊಮ್ಮೆ ಜೊತೆಗೆ ಬಂದರೂ, ಸೌತೆಕಾಯಿ ಇಟ್ಟು ಸುತ್ತಿದ ಅನ್ನ ತಿಂದು, ಮುಖ ಅತ್ತ ತಿರುಗಿಸಿ ಕೂರುತ್ತಿದ್ದಳು.

ನಕಾನೊ ಪುಟ್ಟ ಅನ್ನದುಂಡೆಗಳ ಮೇಲೆ ಬಂಗುಡೆಯ ಎರಡು ತುಂಡು ಒತ್ತಿ ಮುಂದಿಟ್ಟರು. ಸರ್ವೋತ್ತಮ ಒಂದನ್ನು ಬಾಯಿಗಿಟ್ಟುಕೊಂಡ. ಹುಳಿ ಹುಣ್ಣಿಗೆ ತಾಗಿರಬೇಕು, ಹೆಗಲು ಬಿಗಿದುಕೊಂಡವು. ಅಗಿಯಲು ನೋಡಿದ, ಆಗಲಿಲ್ಲ. ನುಂಗಲು ನೋಡಿದ. ಕೊನೆಗೆ ಕಾಗದದ ಕರವಸ್ತ್ರ ಬಾಯಿಗೆ ಹಿಡಿದು ತಲೆ ತಗ್ಗಿಸಿದ. ನಕಾನೊ ಬೆನ್ನು ತಿರುಗಿಸಿ, ಚೊಕ್ಕಟವಾಗಿಯೇ ಇದ್ದ ಹಲಗೆಯನ್ನು ಒರೆಸತೊಡಗಿದರು.

“ಸಾಕು ಬಿಡಿ, ಹೋಗೋಣ್ರೀ,” ಎಂದಳು ನಿರುಪಮಾ.

ಅವನು ತಟ್ಟೆಯನ್ನು ಅವಳ ಕಡೆ ಸರಿಸಿದ. “ನೀನು ತಿನ್ನು.”

“ನಾನಾ?”

“ತಿಂದು ಹೇಳು ಮಾರಾಯ್ತಿ, ಹೇಗುಂಟು ಅಂತ.”

ಅವಳು ಇನ್ನು ಯೋಚಿಸಿದರೆ ಆಗುವುದಿಲ್ಲವೆಂಬಂತೆ ತುಂಡನ್ನು ಕೈಯಲ್ಲೇ ಎತ್ತಿ ಬಾಯಿಗಿಟ್ಟುಕೊಂಡಳು. ತಣ್ಣಗಿತ್ತು, ಮೆತ್ತಗಿತ್ತು. ಉಗಿಯದೆ, ಕಣ್ಣು ಮುಚ್ಚಿ ಅಗಿದಳು. ಅವನು ಅವಳ ಬಾಯನ್ನೇ ನೋಡುತ್ತಿದ್ದ.

“ಮೊದಲು ಹುಳಿ,” ಎಂದಳು. “ಆಮೇಲೆ ಎಣ್ಣೆ ಥರ... ನಾಲಿಗೆಗೆಲ್ಲ ಹತ್ಕೊಳತ್ತೆ.”

“ಮತ್ತೆ?”

“ಉಪ್ಪು.”

“ಕೊನೆಗೆ?”

ಅವಳು ಮತ್ತೆ ಅಗಿದಳು. ಸುಳ್ಳು ಹೇಳಬೇಕಾಗಿ ಬರಲಿಲ್ಲ. “ಸ್ವಲ್ಪ ಸಿಹಿ ಇದೇರೀ.”

“ಹಾಂ. ಅದೇ.” ಅವಳು ಟೀ ಬಟ್ಟಲಿಗೆ ಕೈಚಾಚಿದಾಗ ಮಣಿಕಟ್ಟು ಹಿಡಿದ. “ಈಗಲೇ ತೊಳೀಬೇಡ.”

ಅವಳು ಬಟ್ಟಲು ಮುಟ್ಟಲಿಲ್ಲ.

ಹೊರಡುವಾಗ ಅವನು ಬಾಗಿಲ ಬಳಿಯ ಪೇಫೋನಿನಿಂದ ನಿರುಪಮಾಳ ಗೆಳತಿ ರಮಾಳ ಮನೆಗೆ ಫೋನು ಮಾಡಿದ. ಮಗಳು ಊರ್ಮಿಳಾಳನ್ನು ಅಲ್ಲಿ ಬಿಟ್ಟು ಬಂದಿದ್ದರು. ಅಪ್ಪನ ಬಾಯಲ್ಲಿ ಹುಣ್ಣು ಎಂದಷ್ಟೇ ಅವಳಿಗೆ ಗೊತ್ತು.

“ಊಟ ಆಯ್ತಾ ಮಗಾ? ಎಂತ ಮಾಡ್ತಾ ಇದ್ದಿ?”

“ಡ್ಯಾಡಿ, ಐ ಕಾಂಟ್ ಅಂಡರ್‌ಸ್ಟ್ಯಾಂಡ್ ಯೂ.” ಮಗುವಿನ ಸ್ವರ ನಿರುಪಮಾಳಿಗೂ ಕೇಳುತ್ತಿತ್ತು. ಹಿಂದೆ ಟೀವಿಯ ನಗು. “ವಿ ಆರ್ ವಾಚಿಂಗ್ ಎ ಶೋ, ಓಕೆ? ಬೈ!”

“ಆಯ್ತು, ನೋಡು, ನೋಡು,” ಎಂದ. ಅಷ್ಟರಲ್ಲಿ ಲೈನು ಕಡಿದಿತ್ತು.

ಸರ್ವೋತ್ತಮ ಫೋನು ಇಡಲಿಲ್ಲ. ಗೋಡೆಯ ಕಡೆ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ, “ಊರ್ಮಿಳಾ,” ಎಂದ. ಸರಿಯಾಗಲಿಲ್ಲವೇನೋ, ಇನ್ನೊಮ್ಮೆ ಎಂದ. ನಿರುಪಮಾ ಅವನ ಕೋಟನ್ನು ತೋಳ ಮೇಲೆ ಹಾಕಿಕೊಂಡು ಪಕ್ಕದಲ್ಲಿ ನಿಂತೇ ಇದ್ದಳು.