ದೀಪ ಹತ್ತದ ಟೆಸ್ಟರ್

ಈ ತಂತಿಯಲ್ಲಿ ಕರೆಂಟ್ ಇಲ್ಲವೋ, ನನ್ನಲ್ಲೇ ಜೀವ ಇಲ್ಲವೋ? ಅಂದು ನನಗೆ ಗೊತ್ತಾಗಲಿಲ್ಲ. ನನ್ನ ತುದಿ ತಂತಿಯನ್ನು ಮುಟ್ಟಿತ್ತು. ನನ್ನ ತಲೆಯ ಮೇಲೆ ನೀಲಾಂಬಿಕಾಳ ಬೆರಳಿತ್ತು. ದೀಪ ಹತ್ತಿರಲಿಲ್ಲ. ಅವಳ ಇನ್ನೊಂದು ಕೈ ಆ ತಂತಿಯತ್ತ ಹೋಗುತ್ತಿತ್ತು.

ನಾನು ಒಂದು ಟೆಸ್ಟರ್. ಹಳದಿ ಹಿಡಿಕೆ, ಒಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ದೀಪ. ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಬೆಳಗಿಸಿ ನೋಡುತ್ತಿದ್ದರು. ಹತ್ತದವರನ್ನು ಮೂಲೆಯ ಬುಟ್ಟಿಗೆ ಎಸೆಯುತ್ತಿದ್ದರು. ಆ ಬುಟ್ಟಿಯ ಭಯ ನನ್ನನ್ನು ಬಿಟ್ಟಿದ್ದೇ ಇಲ್ಲ.

ಗದಗಿನ ಅಂಗಡಿಯಿಂದ ನನ್ನನ್ನು ಕೊಂಡವರು ನೀಲಾಂಬಿಕಾಳ ತಾಯಿ ಸುಶೀಲವ್ವ. ಅವರದು ಹಿಟ್ಟಿನ ಗಿರಣಿ. ಮೋಟಾರು ನಿಂತಾಗಲೆಲ್ಲ ನನ್ನನ್ನು ಹಿಡಿದು ಸ್ವಿಚ್ ನೋಡುತ್ತಿದ್ದರು. ಮಗಳು ಜೋಳದ ಚೀಲದ ಮೇಲೆ ಕುಳಿತು ಪ್ರಶ್ನೆ ಕೇಳುತ್ತಿದ್ದಳು.

"ಅವ್ವಾ, ನಿನ್ನ ಮೈಯಾಗಿಂದ ಕರೆಂಟ್ ಹೋದ್ರಷ್ಟ ಇದು ಹತ್ತತೈತಂತ. ನಿನಗ್ಯಾಕ ಗೊತ್ತಾಗಂಗಿಲ್ಲ?"

"ನೀ ಓದಿ ನನಗ ಹೇಳು. ಈಗ ಜೋಳ ಸುರಿ."

ಅವಳು ಓದಿದಳು. ಎಂಜಿನಿಯರಿಂಗಿನಲ್ಲಿ ಎಲೆಕ್ಟ್ರಿಕಲ್ ಸೀಟು ಸಿಕ್ಕಾಗ ತಾಯಿ ನನ್ನ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿ ಅವಳ ಕೈಗಿಟ್ಟರು. "ತಗೋ. ಇದು ಒಮ್ಮೆನೂ ಸುಳ್ಳು ಹೇಳಿಲ್ಲ."

ಕಾಲೇಜಿನಲ್ಲಿ ಬಂಕಾಪುರ ಸರ್ ಪ್ರತಿ ಪಾಠದ ಕೊನೆಗೆ "ಡೌಟ್ ಐತೇನು?" ಎನ್ನುತ್ತಿದ್ದರು. ಮೊದಲ ವಾರ ಅವಳು ಎದ್ದು ನಿಂತು ಕೇಳಿದಳು. ಹಿಂದಿನ ಬೆಂಚಿನಿಂದ ದನಿ ಬಂತು: "ಗಿರಣಿ ಚಾಲೂ ಆತಲೇ!" ತರಗತಿ ನಕ್ಕಿತು. ಅವಳು ಮತ್ತೆ ಏಳಲಿಲ್ಲ. ಚೀಲದೊಳಗೆ ಕೈಬಿಟ್ಟು ನನ್ನನ್ನು ಬಿಗಿಯಾಗಿ ಹಿಡಿದು ಕುಳಿತಿರುತ್ತಿದ್ದಳು. ಸರ್ ಒಂದು ಗಳಿಗೆ ಕಾಯುತ್ತಿದ್ದರು. "ಯಾರೂ ಮಾತಾಡವಲ್ರಿ ಅಂದ್ರ ತಿಳದೈತಿ" ಎಂದು ಬೋರ್ಡು ಒರೆಸುತ್ತಿದ್ದರು.

ತಿಳಿದಿರಲಿಲ್ಲ. ಒಂದು ವಿಷಯದಲ್ಲಿ ನಪಾಸಾದಳು. ಹಾಸ್ಟೆಲ್ಲಿನಲ್ಲಿ ಒಬ್ಬಳೇ ಕೂತು ಓದಿ ಪಾಸಾದಳು. ಕೊನೆಯ ವರ್ಷ, ಹಳ್ಳಿ ಶಾಲೆಗಳಿಗೆ ಹೋಗಿ ಪ್ರಯೋಗ ತೋರಿಸುವ ಗುಂಪಿಗೆ ಸೇರಿದಳು. ಎಲ್ಲಿ ಹೋದರೂ ಅವಳ ಮೊದಲ ಮಾತು ಒಂದೇ: "ಡೌಟ್ ಬಂದ್ರ ಅಲ್ಲೇ ಕೇಳ್ರಿ. ನಕ್ಕವರನ್ನ ಬೋರ್ಡಿಗೆ ಕರೀತೀನಿ."

ಅಂದು ಶಾಲೆಗೆ ಹೋಗುವಾಗ ಬಸ್ಸಿನ ಮೇಲಿನ ಕಂಬಿಯಿಂದ ಚೀಲ ಬಿತ್ತು. ನನ್ನೊಳಗೆ ಏನೋ ಚಿಟ್ ಎಂದಿತು. ಅವಳಿಗೆ ಕೇಳಿಸಲಿಲ್ಲ.

ಶಾಲೆಯ ಪ್ಲಗ್ಗಿಗೆ ಅವಳ ಪುಟ್ಟ ಮೋಟಾರು ಹಾಕಿದರೆ ತಿರುಗಲಿಲ್ಲ. ಸ್ವಿಚ್ ಆರಿಸಿ ಮುಚ್ಚಳ ಬಿಚ್ಚಿದಳು. ಒಳಗೊಂದು ತಂತಿ ಕಳಚಿಕೊಂಡಿತ್ತು. ಅದಕ್ಕೆ ನನ್ನನ್ನು ತಾಗಿಸಿದಳು.

"ನೋಡ್ರಿ, ದೀಪ ಹತ್ತಲಿಲ್ಲ. ಕರೆಂಟ್ ಇಲ್ಲ. ಈಗ ಮುಟ್ಟಬಹುದು."

ಕೈ ಚಾಚಿದಳು. ಹತ್ತಬೇಕೆಂದು ನಾನು ಎಷ್ಟು ಒದ್ದಾಡಿದೆನೋ!

ಮುಂದಿನ ಸಾಲಿನ ಮೆಹಬೂಬಿ ಎಂಬ ಹುಡುಗಿ ಮೆಲ್ಲಗೆ ಕೇಳಿದಳು. "ಅಕ್ಕಾರ, ಟೆಸ್ಟರ್ ಕೆಟ್ಟಿದ್ರ?"

"ಏ ಕುಂದರ! ಎಂಜಿನಿಯರ್‌ಗೇ ಕಲಿಸಾಕ ಹೊಂಟಾಳ!" ಯಾರೋ ಅಂದರು. ಎಲ್ಲರೂ ನಕ್ಕರು.

ಆ ನಗು ನೀಲಾಂಬಿಕಾಳಿಗೆ ಗೊತ್ತಿತ್ತು. ಕೈ ನಿಂತಿತು. ಪಕ್ಕದ ಪ್ಲಗ್ಗಿನಲ್ಲಿ ಟೇಬಲ್ ಫ್ಯಾನು ತಿರುಗುತ್ತಿತ್ತು. ಅದನ್ನು ಕಿತ್ತು ಅಲ್ಲಿ ನನ್ನನ್ನು ಇಟ್ಟಳು. ಅಲ್ಲೂ ದೀಪ ಹತ್ತಲಿಲ್ಲ.

ನಗು ನಿಂತಿತು. ಹೆಡ್‌ಮಾಸ್ತರರ ಕೋಣೆಯಿಂದ ಬೇರೊಂದು ಟೆಸ್ಟರ್ ಬಂತು. ಅವಳು ಮುಟ್ಟಲಿದ್ದ ಆ ತಂತಿಯ ಮೇಲೆ ಅದು ಕೆಂಪಗೆ ಹೊಳೆಯಿತು. ಯಾರೋ ಎಂದೋ ಸ್ವಿಚ್ಚಿಗೆ ಕರೆಂಟ್ ಬರುವ ತಂತಿಯ ಬದಲು ವಾಪಸು ಹೋಗುವ ತಂತಿಯನ್ನು ಜೋಡಿಸಿದ್ದರು. ಸ್ವಿಚ್ ಆರಿಸಿದರೂ ಕರೆಂಟ್ ಅಲ್ಲೇ ಇತ್ತು.

ಅವಳು ಬೆಂಚಿನ ಮೇಲೆ ಕುಸಿದು ಕುಳಿತಳು. "ಇನ್ನೊಮ್ಮೆ ಕೇಳವಾ ಮೆಹಬೂಬಿ," ಎಂದಳು. "ಹಿಂದಿನವರಿಗೂ ಕೇಳಿಸಬೇಕು."

ಅವಳು ನನ್ನನ್ನು ಎಸೆಯಲಿಲ್ಲ. ಕೆಂಪು ಪಟ್ಟಿ ಸುತ್ತಿ ಚೀಲದ ಸಣ್ಣ ಜೇಬಿನಲ್ಲಿ ಇಟ್ಟುಕೊಂಡಿದ್ದಾಳೆ. ಈಗ ಪ್ರತಿ ಶಾಲೆಯಲ್ಲೂ ಮೊದಲು ಹೊರಬರುವುದು ನಾನೇ. ಕರೆಂಟ್ ಇರುವ ಪ್ಲಗ್ಗಿಗೆ ನನ್ನನ್ನು ಇಟ್ಟು ಕೇಳುತ್ತಾಳೆ: "ಇದು ಏನು ಹೇಳ್ತು?" ಮಕ್ಕಳು "ಕರೆಂಟ್ ಇಲ್ಲ!" ಎಂದು ಕೂಗುತ್ತಾರೆ. ಅವಳು ಸುಮ್ಮನೆ ಕಾಯುತ್ತಾಳೆ, ಯಾರಾದರೂ ಅನುಮಾನಿಸಲಿ ಎಂದು. ಆ ಹೊತ್ತು ನನಗೆ ಈಗಲೂ ಹೆದರಿಕೆ. ಯಾರೂ ಕೇಳದಿದ್ದರೆ?

ನಾನು ಸುಳ್ಳು ಹೇಳಿಲ್ಲ ಎಂದಿದ್ದರು ಸುಶೀಲವ್ವ. ಅದು ನಿಜ. ಆ ತಂತಿಯಲ್ಲಿ ಕರೆಂಟ್ ಇಲ್ಲ ಎಂದು ನಾನು ಹೇಳಿರಲೇ ಇಲ್ಲ.